ಅಮ್ಮನ ಕೈಯ ಹಚ್ಚೆ ಮತ್ತು 47 ಸಾವಿರದ ವಾಚು: ಇಟ್ಕೊಳ್ಳೋದಾ, ವಾಪಸ್ ಮಾಡೋದಾ?

ಪ್ರಶ್ನೆ (ತುಮಕೂರಿನ ಶಿಕ್ಷಕಿ):

ನಮಸ್ಕಾರ ಸರ್. ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳೋರು ಈ ಗುಂಪಲ್ಲಿ ಇದ್ದೀರಿ ಅಂತ ಗೊತ್ತಾಗಿ ಕೇಳ್ತಿದ್ದೀನಿ. ನಮ್ಮಮ್ಮನಿಗೆ 67 ವರ್ಷ. ಚಿಕ್ಕನಾಯಕನಹಳ್ಳಿ ತಾಲೂಕಲ್ಲಿ ತೋಟದ ಮನೆ. ಅಪ್ಪ ಹೋದ ಮೇಲೆ ಒಬ್ಬರೇ ಇದ್ದಾರೆ. ತುಮಕೂರಿಗೆ ಬಾ ಅಂದ್ರೆ ಎರಡು ಹಸು ಯಾರು ನೋಡ್ತಾರೆ ಅಂತಾರೆ. ಹೋದ ಆಷಾಢದಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ರ ಜಾರಿ ಬಿದ್ರು. ಡೈರಿಗೆ ಹಾಲು ಹಾಕೋಕೆ ಬರಲಿಲ್ಲವಲ್ಲ ಅಂತ ಪಕ್ಕದ ತೋಟದವರು ಹುಡುಕಿಕೊಂಡು ಬರೋವರೆಗೂ, ಮುಕ್ಕಾಲು ಗಂಟೆ, ಅಲ್ಲೇ ಬಿದ್ದಿದ್ರು.

ಅವತ್ತಿಂದ ನನಗೆ ನಿದ್ದೆ ಇಲ್ಲ. ಚೀಟಿ ಎತ್ತಿ 47 ಸಾವಿರದ ವಾಚ್ ತರಿಸಿದೆ. ಬಿದ್ದರೆ ತಾನಾಗೇ ಫೋನ್ ಮಾಡುತ್ತೆ, ಎದೆಬಡಿತ ನೋಡುತ್ತೆ, ಇಸಿಜಿ ತೆಗೆಯುತ್ತೆ ಅಂತ. ನನ್ನ ಹಳೇ ಫೋನ್ ಅಮ್ಮನಿಗೆ ಕೊಟ್ಟು ಅದಕ್ಕೆ ಜೋಡಿಸಿದ್ದೀನಿ. ಆರು ದಿನ ಆಯ್ತು. ಬಡಿತ ಒಂದ್ಸಲ 41 ಅನ್ನುತ್ತೆ, ಇನ್ನೊಂದ್ಸಲ 130, ಬಹಳಷ್ಟು ಸಲ ಬರೀ ಗೆರೆ. ಕೈಯಲ್ಲಿ ಕಟ್ಟಿರುವಾಗಲೇ ಲಾಕ್ ಆಗಿ ಪಾಸ್‌ಕೋಡ್ ಕೇಳುತ್ತೆ. "ಇದು ನನ್ನ ನಂಬ್ತಾ ಇಲ್ಲ ಕಣವ್ವ" ಅಂತಾರೆ ಅಮ್ಮ. ಆನ್‌ಲೈನಲ್ಲಿ ಕೊಂಡಿದ್ದು, ವಾಪಸ್ಸಿಗೆ ಒಟ್ಟು 10 ದಿನ, ಇನ್ನು ನಾಲ್ಕು ಉಳಿದಿದೆ. ತಮ್ಮ ಬೇರೆ ಪೀಸ್ ತರಿಸು ಅಂತಾನೆ, ನಮ್ಮನೆಯವರು ಅಭ್ಯಾಸ ಆಗುತ್ತೆ ಬಿಡು ಅಂತಾರೆ. ಏನು ಮಾಡ್ಲಿ?

ಉತ್ತರ (ಬಯೋಮೆಡಿಕಲ್ ಎಂಜಿನಿಯರ್, ತುಮಕೂರು):

ಅಕ್ಕಾ, ಹೇಳೋ ಮುಂಚೆ ಮೂರು ಮಾತು ತಿಳೀಬೇಕು. ಅಮ್ಮನ ಮಣಿಕಟ್ಟಿನ ಮೇಲೆ ಹಚ್ಚೆ ಇದೆಯಾ? ತೋಟಕ್ಕೆ ಹೋಗುವಾಗ ಫೋನ್ ಜೊತೆಗೆ ಒಯ್ತಾರಾ? ವಾಚಿಗೆ ಅದರದೇ ಸಿಮ್ ಇದೆಯಾ, ಇಲ್ಲ ಫೋನ್ ನಂಬಿಕೊಂಡ ಮಾಡೆಲ್ಲಾ?

ಶಿಕ್ಷಕಿ:

ಎರಡೂ ಮುಂಗೈ ತುಂಬಾ ಹಚ್ಚೆ ಇದೆ ಸರ್! ಮದುವೆಗೆ ಮುಂಚೆ ಜಾತ್ರೇಲಿ ಹುಯ್ಸಿದ್ದಂತೆ. ಎಡಗೈಲಿ ತುಳಸಿಕಟ್ಟೆ, ಬಲಗೈಲಿ ಚೇಳು. ಫೋನ್ ಅಡುಗೆಮನೆ ಗೂಡಲ್ಲೇ ಇರುತ್ತೆ, ಎಲ್ಲಿಗೂ ಒಯ್ಯಲ್ಲ. ವಾಚಿಗೆ ಸಿಮ್ ಇಲ್ಲ, ಅದು ಇನ್ನೂ ಹತ್ತು ಸಾವಿರ ಜಾಸ್ತಿ ಇತ್ತು.

ಉತ್ತರ:

ಹಾಗಿದ್ರೆ ಪೀಸ್ ಕೆಟ್ಟಿಲ್ಲ. ಬೇರೆ ಪೀಸ್ ತರಿಸಿದರೂ ಇದೇ ಕಥೆ, ಮೇಲೆ ನಿಮ್ಮ ನಾಲ್ಕು ದಿನವೂ ಕಳೆದುಹೋಗುತ್ತೆ.

ವಾಚಿನ ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತಲ್ಲ, ಅದರ ಬೆಳಕು ಚರ್ಮದ ಒಳಗೆ ಹೋಗುತ್ತೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತೆ. ಗುಂಡಿಗೆ ಬಡಿದಾಗ ಮಣಿಕಟ್ಟಿನಲ್ಲಿ ರಕ್ತ ಹೆಚ್ಚು, ಹೀರೋದೂ ಹೆಚ್ಚು. ಎರಡು ಬಡಿತದ ನಡುವೆ ಕಡಿಮೆ. ವಾಪಸ್ ಬರೋ ಬೆಳಕಿನ ಈ ಏರಿಳಿತವನ್ನು ಎಣಿಸಿ ವಾಚ್ ನಿಮಿಷಕ್ಕೆ ಇಷ್ಟು ಅನ್ನುತ್ತೆ. ಹಚ್ಚೆಯ ಶಾಯಿ ಕೂತಿರೋದು ಸಣ್ಣ ರಕ್ತನಾಳಗಳು ಇರೋ ಪದರದಲ್ಲೇ. ನಮ್ಮ ಕಡೆಯ ಅಜ್ಜಿಯರ ಹಚ್ಚೆ ಅಂದ್ರೆ ಕಡು ಹಸಿರು ಕಪ್ಪು, ಒತ್ತೊತ್ತಾದ ಚುಕ್ಕಿ. ಬೆಳಕನ್ನು ರಕ್ತಕ್ಕಿಂತ ಮುಂಚೆ ಅದೇ ನುಂಗುತ್ತೆ. ಪಾಚಿ ಮುಚ್ಚಿದ ಬಾವಿಗೆ ಬ್ಯಾಟರಿ ಬಿಟ್ಟರೆ ತಳ ಕಾಣುತ್ತಾ? ಹಾಗೇ ಇದು.

ಇದು ಹೊಸ ಸಂಗತಿಯೂ ಅಲ್ಲ. 2015ರಲ್ಲಿ ಮೊದಲ ಆಪಲ್ ವಾಚ್ ಬಂದ ದಿನಗಳಲ್ಲೇ ಟ್ಯಾಟೂ ಇದ್ದವರು ಹೀಗೇ ದೂರಿದ್ರು. ಕೆಲವು ಹಚ್ಚೆಗಳ ಶಾಯಿ, ವಿನ್ಯಾಸ, ಗಾಢತೆ ಬೆಳಕನ್ನು ತಡೆಯಬಹುದು ಅಂತ ಆ ಕಂಪನಿ ತನ್ನ ಸೂಚನೆಯಲ್ಲೇ ಬರೆದಿದೆ. ಆದರೆ ಆ ಸಾಲು ಬರೆದವರ ಕಣ್ಣ ಮುಂದೆ ಇದ್ದದ್ದು ಚಿಕ್ಕನಾಯಕನಹಳ್ಳಿಯ ಅಮ್ಮ ಆಗಿರಲಿಕ್ಕಿಲ್ಲ. ನಮ್ಮೂರಲ್ಲಿ ಮಕ್ಕಳು ಈ ವಾಚ್ ಕೊಡಿಸೋದು ಹೆಚ್ಚಾಗಿ ಅಪ್ಪ ಅಮ್ಮಂದಿರಿಗೇ. ಅದೇ ತಲೆಮಾರಿನ ಕೈಗಳಲ್ಲಿ ಹಚ್ಚೆ ಇರೋದು. ಮಾರುವವರು ಈ ಒಂದು ಪ್ರಶ್ನೆ ಮೊದಲೇ ಕೇಳಬೇಕಿತ್ತು ಅಂತ ನನಗೆ ನಿಜವಾಗಿಯೂ ಸಂಕಟ ಆಗುತ್ತೆ.

ಬಡಿತದ ಅಂಕಿ ತಪ್ಪಿದರೆ ಹೋಗಲಿ ಅನ್ನಬಹುದು, ಬೆರಳಿಟ್ಟು ಎಣಿಸಬಹುದು. ನನಗೆ ಹೆದರಿಕೆ ಇರೋದು ಆ ಲಾಕ್ ಬಗ್ಗೆ. ಚರ್ಮ ತಾಗಿದೆಯೋ ಇಲ್ಲವೋ ಅಂತ ವಾಚ್ ಗುರುತಿಸೋದೂ ಹಿಂಬದಿಯ ಸೆನ್ಸರ್‌ನಿಂದಲೇ. ಹಚ್ಚೆಯ ಮೇಲೆ ಕೂತಾಗ "ನನ್ನನ್ನು ಬಿಚ್ಚಿಟ್ಟಿದ್ದಾರೆ" ಅಂದುಕೊಂಡು ಬೀಗ ಹಾಕಿಕೊಳ್ಳುತ್ತೆ. ಯೂಟ್ಯೂಬ್ ನೋಡಿ ಕೆಲವರು ಮಣಿಕಟ್ಟು ಗುರುತಿಸೋ ಸೆಟ್ಟಿಂಗನ್ನೇ ಆಫ್ ಮಾಡ್ತಾರೆ. ದಯವಿಟ್ಟು ನೀವು ಹಾಗೆ ಮಾಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಆಪಲ್ ವಾಚಿನಲ್ಲಿ ಗಟ್ಟಿಯಾಗಿ ಬಿದ್ದು ಸುಮಾರು ಒಂದು ನಿಮಿಷ ಅಲ್ಲಾಡದೆ ಇದ್ದರೆ, 30 ಸೆಕೆಂಡ್ ಎಣಿಸಿ ತುರ್ತು ಸಂಖ್ಯೆಗೆ ತಾನೇ ಕರೆ ಮಾಡುತ್ತೆ. ಆ ಸೆಟ್ಟಿಂಗ್ ಆಫ್ ಆಗಿದ್ದರೆ, ಬಿದ್ದದ್ದು ಗೊತ್ತಾದರೂ ತಾನಾಗಿ ಕರೆ ಮಾಡಲ್ಲ. ಅಂದ್ರೆ ನೀವು ಯಾವುದಕ್ಕೆ ಚೀಟಿ ಎತ್ತಿದಿರೋ ಅದೇ ಇರಲ್ಲ, ಆದರೆ ಇದೆ ಅಂತ ಧೈರ್ಯವಾಗಿ ಮಲಗ್ತೀರಿ. ಬೇರೆ ಕಂಪನಿಯದಾದರೆ ಅದರ ಕೈಪಿಡಿಯಲ್ಲಿ ಇದೇ ಮಾತನ್ನು ಹುಡುಕಿ.

ಇನ್ನು ಫೋನಿನ ಮಾತು. ಸಿಮ್ ಇಲ್ಲದ ವಾಚ್ ಫೋನಿನ ಬ್ಲೂಟೂತ್ ಹಗ್ಗಕ್ಕೆ ಕಟ್ಟಿದ ಕರು ಇದ್ದಂತೆ. ಹಗ್ಗದ ಉದ್ದ ಸುಮಾರು 10 ಮೀಟರ್, ನಡುವೆ ಗೋಡೆ ಬಂದರೆ ಇನ್ನೂ ಗಿಡ್ಡ. ಗೊತ್ತಿರುವ ವೈಫೈ ಇದ್ದರೆ ಸ್ವಲ್ಪ ಬೇರೆ, ನಿಮ್ಮ ತೋಟದಲ್ಲಿ ಅದು ಇರಲಿಕ್ಕಿಲ್ಲ. ಫೋನ್ ಅಡುಗೆಮನೆ ಗೂಡಲ್ಲಿ, ಅಮ್ಮ ಒಗೆಯೋ ಕಲ್ಲಿನ ಹತ್ರ. ಕರೆ ಹೋಗೋದು ಹೇಗೆ?

ಆದರೂ ಒಂದು ಅವಕಾಶ ಕೊಡೋಣ. ಈ ಶನಿವಾರ ಊರಿಗೆ ಹೋಗಿ. ಹಚ್ಚೆ ಮುಗಿದ ಮೇಲೆ, ಮೊಣಕೈ ಕಡೆಗೆ ಖಾಲಿ ಚರ್ಮ ಇರೋ ಜಾಗದಲ್ಲಿ ಬಿಗಿಯಾಗಿ ಕಟ್ಟಿ, ತೋರುಬೆರಳು ಮಾತ್ರ ತೂರುವಷ್ಟು ಬಿಗಿ. ಇನ್ನೊಂದು ಕೈಯ ನಾಡಿಯನ್ನು ನೀವೇ ಪೂರ್ತಿ 60 ಸೆಕೆಂಡ್ ಎಣಿಸಿ, ವಾಚಿನ ಅಂಕಿಗೆ ಹೋಲಿಸಿ. ಆಮೇಲೆ ಹಾಗೇ ಬಿಡಿ. ಹಾಲು ಕರೆಯಲಿ, ಕೊಟ್ಟಿಗೆ ಗುಡಿಸಲಿ, ಮಡ್ಲು ಎಳೆದು ಹಾಕಲಿ. ಸಂಜೆವರೆಗೆ ಎಷ್ಟು ಸಲ ಲಾಕ್ ಆಯ್ತು ಅಂತ ಬರೆದಿಡಿ. ಒಗೆಯೋ ಕಲ್ಲಿನ ಹತ್ರ ನಿಂತು ವಾಚಿನಿಂದ ನಿಮಗೆ ಕರೆ ಮಾಡಿಸಿ, ಫೋನ್ ಅದರ ಗೂಡಲ್ಲೇ ಇರಲಿ. ಇಷ್ಟೇ ಪರೀಕ್ಷೆ. ಹೆಜ್ಜೆ ಎಷ್ಟು, ನಿದ್ದೆ ಎಷ್ಟು ಅನ್ನೋದನ್ನೆಲ್ಲ ನೋಡ್ತಾ ಕೂರಬೇಡಿ.

ಇಸಿಜಿ ಬಗ್ಗೆಯೂ ಹೇಳಿಬಿಡ್ತೀನಿ. ಅದು ಬೆಳಕಿನಿಂದಲ್ಲ, ವಿದ್ಯುತ್ ಸಂಕೇತದಿಂದ ತೆಗೆಯೋದು; ಬೆರಳನ್ನು 30 ಸೆಕೆಂಡ್ ಗುಂಡಿಯ ಮೇಲೆ ಇಡಬೇಕು. ಅದಕ್ಕೆ ಹಚ್ಚೆ ಅಡ್ಡ ಬರಲ್ಲ. ಆದರೆ ಆಸ್ಪತ್ರೆಯ ಇಸಿಜಿ ಹನ್ನೆರಡು ಕಿಟಕಿಯಿಂದ ನೋಡುತ್ತೆ, ವಾಚು ಒಂದೇ ಕಿಟಕಿಯಿಂದ. ಲಯ ತಪ್ಪಿದ್ದು ಕಾಣಬಹುದು, ಹೃದಯಾಘಾತ ಕಾಣಲ್ಲ. ಎದೆ ಹಿಡಿದುಕೊಂಡರೆ, ಎಡತೋಳಿಗೆ ನೋವು ಇಳಿದರೆ, ಬೆವರು ಕಿತ್ತುಕೊಂಡು ಬಂದರೆ ವಾಚ್ ನೋಡ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಬಿಪಿಗೆ ಅಂತಾದರೆ ತೋಳಿಗೆ ಕಟ್ಟೋ ಪಟ್ಟಿಯ ಯಂತ್ರವೇ ಸರಿ. ವಾಚಿನಲ್ಲಿ ಬಿಪಿ ತೋರಿಸೋ ಸ್ಯಾಮ್‌ಸಂಗ್ ಕೂಡ 28 ದಿನಕ್ಕೊಮ್ಮೆ ಆ ಪಟ್ಟಿಯ ಯಂತ್ರದ ಜೊತೆ ತಾಳೆ ಹಾಕಿ ಅನ್ನುತ್ತೆ.

ಪ್ರಶ್ನೆ (ಕೋಲಾರದಿಂದ, ನಿವೃತ್ತ ಬ್ಯಾಂಕ್ ನೌಕರರು):

ಇದೇ ವಿಷಯ ನಡೀತಿರೋದ್ರಿಂದ ನನ್ನದೂ ಕೇಳ್ತೀನಿ. ನನಗೆ 61. ಮಗ ಕಳಿಸಿದ ವಾಚ್ ಎರಡು ವಾರದಲ್ಲಿ ಎರಡು ಸಲ ಎದೆಬಡಿತದ ಲಯ ತಪ್ಪಿದೆ ಅಂತ ಎಚ್ಚರಿಸಿತು. ಓಡಿಹೋಗಿ ಇಸಿಜಿ ಮಾಡಿಸಿದೆ, ನಾರ್ಮಲ್. ಕೈಯಲ್ಲಿ ಹಚ್ಚೆ ಗಿಚ್ಚೆ ಏನೂ ಇಲ್ಲ. ಸುಮ್ನೆ ಹೆದರಿಸೋ ವಾಚ್ ಯಾಕೆ ಅಂತ ವಾಪಸ್ ಕಳಿಸೋಣ ಅಂತಿದ್ದೀನಿ.

ಉತ್ತರ:

ಕಳಿಸಬೇಡಿ ಸರ್. ಇದಕ್ಕೆ ನನ್ನ ಉತ್ತರ ಅಕ್ಕನಿಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಏಟ್ರಿಯಲ್ ಫಿಬ್ರಿಲೇಷನ್ ಅನ್ನೋ ಲಯದ ತೊಂದರೆ ಬಂದು ಹೋಗಿ ಮಾಡುತ್ತೆ. ನೀವು ಆಸ್ಪತ್ರೆ ಮಂಚದ ಮೇಲೆ ಮಲಗಿದ ಹತ್ತು ಸೆಕೆಂಡಿನಲ್ಲಿ ಅದು ಇರಲಿಲ್ಲ ಅಂದ ಮಾತ್ರಕ್ಕೆ ಇಲ್ಲವೇ ಇಲ್ಲ ಅಂತಲ್ಲ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನ ಇದ್ರು. ಎಚ್ಚರಿಕೆ ಬಂದದ್ದು ಅವರಲ್ಲಿ ಶೇ. 0.52ರಷ್ಟು ಜನರಿಗೆ ಮಾತ್ರ. ಎಚ್ಚರಿಕೆ ಬಂದು, ಆಮೇಲೆ ಎದೆಗೆ ಇಸಿಜಿ ದಾಖಲಿಸೋ ಪಟ್ಟಿ ಅಂಟಿಸಿಕೊಂಡು ಅದನ್ನು ವಾಪಸ್ ಕಳಿಸಿದ 450 ಜನರಲ್ಲಿ ಶೇ. 34ರಷ್ಟು ಮಂದಿಯಲ್ಲಿ ಈ ತೊಂದರೆ ನಿಜವಾಗಿಯೂ ಸಿಕ್ಕಿತು. ಅಂದ್ರೆ ಅಷ್ಟು ಸುಲಭವಾಗಿ ಕೂಗೋ ವಾಚಲ್ಲ, ಕೂಗಿದ್ದೆಲ್ಲ ನಿಜವೂ ಅಲ್ಲ. ನಿಮಗೆ ಎರಡು ಸಲ ಕೂಗಿದೆ. ಆ ತೊಂದರೆ ಇದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ದಾರಿ ಆಗಬಹುದು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ. ಎಚ್ಚರಿಕೆ ಬಂದ ದಿನ, ಹೊತ್ತು ಬರೆದುಕೊಳ್ಳಿ. ಮುಂದಿನ ಸಲ ಬಂದ ಕೂಡಲೇ ವಾಚಿನಲ್ಲೇ ಇಸಿಜಿ ತೆಗೆದು ಪಿಡಿಎಫ್ ಉಳಿಸಿ. ಹೃದಯ ತಜ್ಞರಿಗೆ ತೋರಿಸಿ, ಹೋಲ್ಟರ್ (ಮೈಗೆ ಕಟ್ಟಿಕೊಂಡು ಇಡೀ ದಿನ ಇಸಿಜಿ ದಾಖಲಿಸೋ ಯಂತ್ರ) ಬೇಕಾ ಅಂತ ಕೇಳಿ. ಔಷಧ ಬೇಕೋ ಬೇಡವೋ ಅವರು ಹೇಳ್ತಾರೆ, ಅದು ನನ್ನ ಕೆಲಸ ಅಲ್ಲ.

ಪ್ರಶ್ನೆ (ಚಿಂತಾಮಣಿಯಿಂದ):

ಚುಚ್ಚದೆ ಶುಗರ್ ತೋರಿಸುತ್ತೆ ಅಂತ ಜಾಹೀರಾತು ನೋಡಿ ಮಾವನಿಗೆ ಒಂದು ವಾಚ್ ತಗೊಂಡ್ವಿ. ಅವರು ಇನ್ಸುಲಿನ್ ಮೇಲಿದ್ದಾರೆ. ಒಂದೊಂದು ಸಲ ಸರಿ ಅನ್ಸುತ್ತೆ. ಇಟ್ಕೋಬಹುದಾ?

ಉತ್ತರ:

ಇವತ್ತೇ ವಾಪಸ್ ಮಾಡಿ. ಅದನ್ನು ನೋಡಿ ಇನ್ಸುಲಿನ್ ಅಳತೆ ಬದಲಿಸಬೇಡಿ, ಪ್ರಾಣಕ್ಕೆ ಕುತ್ತು. ಚರ್ಮ ಚುಚ್ಚದೆ ತಾನಾಗೇ ಶುಗರ್ ಅಳೆಯೋ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ತೋಳಿಗೆ ಅಂಟಿಸಿ ಬಿಡದೆ ಶುಗರ್ ಅಳೆಯೋ ಸಿಜಿಎಂ ಬೇರೆ. ಅದರ ಸಣ್ಣ ಎಳೆ ಚರ್ಮದ ಒಳಗಿರುತ್ತೆ, ವಾಚು ಬರೀ ಅದರ ಅಂಕಿ ತೋರಿಸುತ್ತೆ.

ನಿಮ್ಮ ಕಡೆ ಕಾನೂನೂ ಇದೆ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ನಾಳೆ ಅಳಿಸಿಬಿಡ್ತಾರೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವೂ ಇಲ್ಲ.

ತುಮಕೂರಿನ ಅಕ್ಕ, ಇದನ್ನು ನೀವೂ ಓದಿ. ನಿಮ್ಮ ವಿಷಯದಲ್ಲಿ ಈ ನಿಯಮ ಕೈ ಹಿಡಿಯೋದು ಕಷ್ಟ. ವಾಚ್ ಕೆಟ್ಟಿಲ್ಲ, ಹಚ್ಚೆಯ ಬಗ್ಗೆ ಕೈಪಿಡಿಯಲ್ಲಿ ಬರೆದಿದ್ದರೆ ಸುಳ್ಳು ಹೇಳಿದ್ರು ಅಂತಲೂ ಹೇಳೋಕಾಗಲ್ಲ. ನಿಮಗೆ ಇರೋದು ಮಾರಿದವರು ಕೊಟ್ಟ ಆ 10 ದಿನ ಮಾತ್ರ. ದಾಟಿಸಬೇಡಿ.

ಶಿಕ್ಷಕಿ (ಭಾನುವಾರ):

ಹೋಗಿಬಂದೆ ಸರ್. ಮೇಲೆ ಕಟ್ಟಿದಾಗ ನಾನು ಎಣಿಸಿದ್ದು 76, ವಾಚ್ 77. ಖುಷಿ ಆಯ್ತು. ಕೊಟ್ಟಿಗೆ ಕೆಲಸ ಮುಗಿಯೋ ಹೊತ್ತಿಗೆ ಬೆವರಿಗೆ ಜಾರಿ ತುಳಸಿಕಟ್ಟೆ ಮೇಲೆ ಬಂದು ಕೂತಿತ್ತು. ಸಂಜೆ ಒಳಗೆ ಒಂಬತ್ತು ಸಲ ಲಾಕ್. ಒಗೆಯೋ ಕಲ್ಲಿನ ಹತ್ರದಿಂದ ಕರೆ ಹೋಗಲೇ ಇಲ್ಲ. ಅಮ್ಮ ಅಷ್ಟೂ ಹೊತ್ತು ಸುಮ್ನಿದ್ದು ರಾತ್ರಿ ಕೇಳಿದ್ರು, "ಹಚ್ಚೆ ಅಳ್ಸಾಕೆ ಆಗಲ್ವಂತಾ?" ಅಂತ. ದುಡ್ಡು ದಂಡ ಆಯ್ತಲ್ಲ ಅನ್ನೋ ಸಂಕಟ ಅವರಿಗೆ. ವಾಪಸ್ ಮಾಡ್ತೀನಿ. ಆದರೆ ಅಮ್ಮನಿಗೆ ಏನು ಮಾಡ್ಲಿ?

ಉತ್ತರ:

ಅಮ್ಮನಿಗೆ ಹೇಳಿ, ಅಳಿಸೋ ಮಾತೇ ಬೇಡ. ಕೈಯಲ್ಲಿ ತಪ್ಪಿಲ್ಲ.

ಕಳಿಸೋ ಮುಂಚೆ ಫೋನಿನ ಆ್ಯಪ್‌ನಿಂದಲೇ ವಾಚಿನ ಜೋಡಣೆ ಬಿಡಿಸಿ. ನಿಮ್ಮ ಖಾತೆಯ ಬೀಗ ಉಳಿದಿದ್ದರೆ ವಾಪಸ್ ತಿರಸ್ಕರಿಸ್ತಾರೆ. ಪೆಟ್ಟಿಗೆ, ಚಾರ್ಜರ್, ಎರಡೂ ಅಳತೆಯ ಪಟ್ಟಿ ಇದ್ದರೆ ಎರಡೂ ಇರಲಿ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆ ವಾಚಿನದಕ್ಕೆ ಹೊಂದುತ್ತೆ ಅಂತ ಕಾಣೋ ಹಾಗೆ ಪ್ಯಾಕ್ ಮಾಡೋದನ್ನು ವಿಡಿಯೋ ಮಾಡಿ.

ಇನ್ನು ಅಮ್ಮನಿಗೆ, ಎಸ್‌ಒಎಸ್ ಗುಂಡಿ, ಅಂದ್ರೆ ಒತ್ತಿದರೆ ಹಾಕಿಟ್ಟ ನಂಬರ್‌ಗಳಿಗೆ ಕರೆ ಹೋಗೋ ತುರ್ತು ಗುಂಡಿ, ಇರೋ ಕೀಪ್ಯಾಡ್ ಫೋನ್ ಸಿಗುತ್ತೆ. ಪ್ರಜ್ಞೆ ತಪ್ಪಿ ಬಿದ್ದರೆ ಅದು ಪ್ರಯೋಜನಕ್ಕೆ ಬರಲ್ಲ, ಅದು ನಿಮಗೆ ಗೊತ್ತಿರಲಿ. ಆದರೆ ಆಷಾಢದಲ್ಲಿ ಅಮ್ಮನಿಗೆ ಪ್ರಜ್ಞೆ ಇತ್ತು, ಕೈಗೆ ಫೋನ್ ಇರಲಿಲ್ಲ ಅಷ್ಟೇ. ಅವತ್ತು ಅವರನ್ನು ಕಾಪಾಡಿದ್ದು ಹಾಲಿನ ಡೈರಿ. ಅದನ್ನೇ ಗಟ್ಟಿ ಮಾಡಿಕೊಳ್ಳಿ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಮ್ಮ ಕ್ಯಾನ್ ತರದಿದ್ದರೆ ನಿಮಗೊಂದು ಫೋನ್ ಮಾಡಿ ಅಂತ ಡೈರಿಯ ಕಾರ್ಯದರ್ಶಿಗೆ ಹೇಳಿಡಿ. ಒಗೆಯೋ ಕಲ್ಲಿನ ಸುತ್ತ ಒರಟು ಸಿಮೆಂಟ್ ಹಾಕಿಸಿ.

ಶಿಕ್ಷಕಿ (ಐದು ದಿನದ ನಂತರ):

ವಾಚ್ ತಗೊಂಡು ಹೋದ್ರು, ದುಡ್ಡು ಬಂತು. ಕೀಪ್ಯಾಡ್ ಫೋನಿಗೆ ಅಮ್ಮ ಹಳೇ ರವಿಕೆ ಬಟ್ಟೇಲಿ ತಾವೇ ಚೀಲ ಹೊಲಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಇವತ್ತು ಒಗೆಯೋ ಕಲ್ಲಿನ ಹತ್ರ ನಿಂತು ಗುಂಡಿ ಒತ್ತಿದ್ರು, ಇಲ್ಲಿ ಆರನೇ ಕ್ಲಾಸಿನ ಪಾಠದ ನಡುವೆ ನನ್ನ ಫೋನ್ ಹೊಡ್ಕೊಂಡ್ತು. ಮೊದಲ ನಂಬರ್ ನಂದೇ ಹಾಕಿದ್ದೀನಿ.

ಉತ್ತರ:

ಬಹಳ ಸಂತೋಷ ಅಕ್ಕಾ. ಒಂದೇ ಒಂದು ಬದಲಾಯಿಸಿ. ಮೊದಲ ನಂಬರ್ ಪಕ್ಕದ ತೋಟದವರದ್ದು ಇರಲಿ, ನಿಮ್ಮದು ಎರಡನೇದು. ನೀವು ತುಮಕೂರಿಂದ ತಲುಪೋಕೆ ಒಂದೂವರೆ ಗಂಟೆ ಬೇಕು, ಅವರಿಗೆ ಬೇಲಿ ದಾಟಿದರೆ ಸಾಕು.