‘ಹಳೇಮನೆ’ ಗ್ರೂಪಲ್ಲಿ ಬಫೆಟ್ ಜಗಳ

ಟ್ಯಾಂಪಾ ಚಿಕ್ಕಪ್ಪ: ಎಲ್ರೂ ಇದನ್ನೊಮ್ಮೆ ಕೇಳಿ. ಜಿಮ್ಮಿ ಬಫೆಟ್ ಅಂತ ಅಮೆರಿಕದ ಹಾಡುಗಾರ, ‘ಚೇಂಜಸ್ ಇನ್ ಲ್ಯಾಟಿಟ್ಯೂಡ್ಸ್, ಚೇಂಜಸ್ ಇನ್ ಆಟಿಟ್ಯೂಡ್ಸ್’, 1977ರ ಆಲ್ಬಮ್. ಇಲ್ಲಿ ಫ್ಲೋರಿಡಾದಲ್ಲಿ ಶನಿವಾರ ಬಂತು ಅಂದ್ರೆ ಬೋಟ್ ಇಳಿಸೋ ಜಾಗದಲ್ಲಿ ಯಾರದ್ದಾದ್ರೂ ಸ್ಪೀಕರಲ್ಲಿ ಇವ್ನೇ. ಕಂಟ್ರಿ, ಫೋಕ್, ಸ್ವಲ್ಪ ಕೆರಿಬಿಯನ್ ಎಲ್ಲಾ ಕಲ್ಸಿದಾನೆ. ಅಣ್ಣಾ ನಿಂಗೆ ಅಂತಾನೇ ಹಾಕಿದ್ದು, ಸಮುದ್ರದ ಹಾಡು

ಅತ್ತೆ ಕುಂದಾಪುರ: ಇವ್ರು ಆ ಶೇರ್ ಮಾರ್ಕೆಟ್ ಬಫೆಟ್ ಮಗನಾ

ಚಿಂಟು: ಅಲ್ಲ ಅತ್ತೆ 😂 ಇಬ್ರೂ ಫ್ರೆಂಡ್ಸ್ ಅಷ್ಟೇ. ಅಂಕಲ್ ವಾರೆನ್, ಕಸಿನ್ ಜಿಮ್ಮಿ ಅಂತ ಕರ್ಕೊಳ್ತಿದ್ರು, ಡಿಎನ್ಎ ಟೆಸ್ಟ್ ಮಾಡಿಸಿದ್ರೆ ಸಂಬಂಧಾನೇ ಇಲ್ಲ ಅಂತ ಬಂತು

ಅತ್ತೆ ಕುಂದಾಪುರ: ನಮ್ಮಲ್ಲಿ ಯಾರೂ ಮಾಡ್ಸುದು ಬೇಡ

ದೊಡ್ಡಪ್ಪ ಗಂಗೊಳ್ಳಿ: ಎರಡು ಹಾಡು ಕೇಳಿದೆ. ಸಮುದ್ರದ ಹಾಡಲ್ಲ ಮಾರಾಯ ಇದು, ಸಮುದ್ರದ ಎದುರು ಕುರ್ಚಿ ಹಾಕ್ಕೊಂಡು ಕೂತವನ ಹಾಡು. ನಾನು ಹಡಗಲ್ಲೂ ಇದ್ದೆ, ಬೋಟೂ ನಡೆಸಿದೆ, ಡೀಸೆಲ್ ತುಂಬ್ಸಿ ಐಸ್ ಹಾಕ್ಸಿ ಕಳ್ಸಿದ್ ಬೋಟು ಅರ್ಧ ಖಾಲಿ ವಾಪಸ್ ಬಂದಾಗ ತಾಂಡೇಲನ (ಬೋಟಿನ ಮುಖ್ಯಸ್ಥನ) ಮುಖ ನೋಡಿದವ್ನಿಗೆ ಇದೆಲ್ಲ ಎಂತ ತಮಾಷೆ ಅನ್ನಿಸ್ತದೆ. ಈಗ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಇಳಿಸೋ ಹಾಗೇ ಇಲ್ಲ, 61 ದಿನ ಸುಮ್ನೆ ಕೂತಿದ್ದೇವೆ, ನಮ್ಗೆ ಯಾರಾದ್ರೂ ಹಾಡು ಕಟ್ಟಿದ್ರಾ

ಟ್ಯಾಂಪಾ ಚಿಕ್ಕಪ್ಪ: ಅಣ್ಣಾ ಅವನೂ ಕಡಲ ಕರೆಯವನೇ. ಹುಟ್ಟಿದ್ದು ಮಿಸಿಸಿಪ್ಪಿಯ ಪ್ಯಾಸ್ಕಗೂಲಾ, ಬೆಳೆದಿದ್ದು ಅಲಬಾಮಾದ ಮೊಬೀಲ್, ಎರಡೂ ಬಂದರಿನ ಊರು, ಅಜ್ಜ ಹಡಗಿನ ಕ್ಯಾಪ್ಟನ್

ದೊಡ್ಡಪ್ಪ ಗಂಗೊಳ್ಳಿ: ಅಜ್ಜ ಕ್ಯಾಪ್ಟನ್ ಸರಿ. ಇವ ಎಂತ ಮಾಡ್ದ

ಚಿಂಟು: ಇವ್ರು ದುಡ್ಡು ಮಾಡಿದ್ರು ದೊಡ್ಡಪ್ಪ. ಇದೇ ಆಲ್ಬಮ್ಮಿನ ‘ಮಾರ್ಗರಿಟಾವಿಲ್’ ಅನ್ನೋ ಒಂದು ಹಾಡಿಂದ. 1985ರಲ್ಲಿ ಫ್ಲೋರಿಡಾದ ಕೀ ವೆಸ್ಟಲ್ಲಿ ಆ ಹೆಸ್ರಲ್ಲಿ ಅಂಗಡಿ ತೆಗ್ದ್ರು, ಆಮೇಲೆ ರೆಸ್ಟೋರೆಂಟ್, ಹೋಟ್ಲು, ಬ್ಲೆಂಡರ್ರು, 55 ದಾಟಿದವರಿಗೆ ಡೇಟೋನಾ ಬೀಚಲ್ಲಿ ಒಂದು ಕಾಲೋನಿ ಕೂಡ. 2023ರಲ್ಲಿ ಫೋರ್ಬ್ಸ್ ಅವ್ರು ಬಿಲಿಯನೇರ್ ಲಿಸ್ಟಿಗೆ ಸೇರಿಸಿದ್ರು. ಇದು ಮ್ಯೂಸಿಕ್ ಅಲ್ಲ ಚಿಕ್ಕಪ್ಪ, ಬ್ರ್ಯಾಂಡಿಂಗು. ಆಫೀಸಲ್ಲಿ ಬೇಜಾರಾದವ್ರಿಗೆ ಬೀಚ್ ಮಾರಿದಾರೆ ಅಷ್ಟೇ

ಅಕ್ಕ: ಚಿಂಟು ಅಂಗಡಿ ನೋಡಿ ಹಾಡನ್ನ ಅಳೀಬೇಡ್ವೋ. ನೀನು ಆ ಹಾಡಿನ ಮಾತು ಕೇಳಿದ್ಯಾ ಇಲ್ಲಾ ಬರೀ ಟ್ಯೂನಿಗೆ ತಲೆ ಆಡಿಸಿದ್ಯಾ

ಚಿಂಟು: ಯಾರೋ ಮಾರ್ಗರಿಟಾ ಅನ್ನೋ ಡ್ರಿಂಕ್ ಕುಡೀತಾ ಕೂತಿರ್ತಾನೆ, ಅದಕ್ಕೆ ಬೇಕಾದ ಉಪ್ಪಿನ ಡಬ್ಬಿ ಕಳ್ಕೊಂಡಿದಾನೆ

ಅಕ್ಕ: ಹೂಂ ಅದೇ. ಜಗಲಿ ಉಯ್ಯಾಲೆ ಮೇಲೆ ಗಿಟಾರ್ ಹಿಡ್ಕೊಂಡು ಕೂತಿದಾನೆ, ಎದುರಿಗೆ ಟೂರಿಸ್ಟುಗಳು ಮೈಗೆಲ್ಲ ಎಣ್ಣೆ ಬಳ್ಕೊಂಡು ಬಿಸಿಲಲ್ಲಿ ಬೇಯ್ತಾ ಇದಾರೆ, ಒಲೆ ಮೇಲೆ ಸಿಗಡಿ ಬೇಯೋ ವಾಸನೆ, ಅಂದ್ರೆ ದೊಡ್ಡಪ್ಪ ಬೈತಿರೋ ಟೂರಿಸ್ಟನ್ನ ಇವನೂ ಆಡ್ಕೋತಿದಾನೆ. ಇಡೀ ಸೀಸನ್ ಅಲ್ಲೇ ಬಿದ್ದಿದ್ದಕ್ಕೆ ಮೈಮೇಲೊಂದು ಹೊಸ ಟ್ಯಾಟೂ ಬಿಟ್ರೆ ಇನ್ನೇನಿಲ್ಲ, ಅದೂ ಹೇಗೆ ಬಂತು ಅಂತ ಗೊತ್ತಿಲ್ಲ. ಆಮೇಲೆ ಚಪ್ಪಲಿ ಕಿತ್ತೋಗುತ್ತೆ, ಬಿಯರ್ ಕ್ಯಾನಿನ ರಿಂಗ್ ತುಳಿದು ಹಿಮ್ಮಡಿ ಕುಯ್ದುಕೊಳ್ತಾನೆ, ಆ ಕಾಲದಲ್ಲಿ ರಿಂಗ್ ಪೂರ್ತಿ ಕಿತ್ತು ಬರ್ತಿತ್ತಲ್ಲ, ಜನ ಮರಳಲ್ಲೇ ಬಿಸಾಕ್ತಿದ್ರು. ಈಗ ಪಲ್ಲವಿ ಕೇಳು. ಮೂರ್ ಸಲ ಬರುತ್ತೆ, ಕೊನೇ ಸಾಲು ಮಾತ್ರ ಮೂರೂ ಸಲ ಬೇರೆ. ಇದಕ್ಕೆಲ್ಲ ಒಬ್ಬಳು ಹೆಂಗಸು ಕಾರಣ ಅಂತ ಜನ ಅಂತಾರೆ, ಆದ್ರೆ ಯಾರ ತಪ್ಪೂ ಅಲ್ಲ ಅಂತಾನೆ ಮೊದಲು. ಎರಡನೇ ಸಲ, ನಂದೂ ಇರ್ಬಹುದೇನೋ. ಮೂರನೇ ಸಲ, ಪೂರ್ತಿ ನಂದೇ. ಟ್ಯೂನು ಒಂಚೂರೂ ಬದಲಾಗಲ್ಲ, ಅದೇ ನಿಧಾನ. ಇದು ಬರಿಯೋಕೆ ಬರ್ಬೇಕು ಕಣೋ

ಚಿಂಟು: ಹಾಗಂದ್ರೆ ಬಾರಲ್ಲಿ ಗ್ಲಾಸ್ ಎತ್ಕೊಂಡು ಕೂಗೋ ಜನಕ್ಕೆ ಅದು ಸೋತವನ ಹಾಡು ಅಂತಾನೇ ಗೊತ್ತಿಲ್ಲ. ನಾನು ಹೇಳಿದ್ದೂ ಅದೇ ಅಲ್ವಾ

ನಾನು: ಗೊತ್ತಿಲ್ಲ ಅಂತ ನೀನ್ಯಾಕೆ ಅನ್ಕೊಂಡೆ? ನನ್ನ ಲೆಕ್ಕದಲ್ಲಿ ಗೊತ್ತಿದ್ದೇ ಕೂಗ್ತಾರೆ. ಸುಖದ ಹಾಡು ಸಾವಿರ ಇವೆ, ಅವು ಒಂದು ಬೇಸಿಗೆ ಓಡ್ತವೆ, ಆಮೇಲೆ ಯಾರೂ ಕೇಳಲ್ಲ. ಇದು 1977ರಲ್ಲಿ ಅಮೆರಿಕದ ಬಿಲ್ಬೋರ್ಡ್ ಹಾಡುಗಳ ಲಿಸ್ಟಲ್ಲಿ 8ನೇ ಜಾಗಕ್ಕೆ ಹೋದ ಹಾಡು, ಇನ್ನೂ ಓಡ್ತಿದೆ, ಬರೀ ಬಿಸಿಲು ಮರಳು ಇದ್ದಿದ್ರೆ ಇಷ್ಟು ವರ್ಷ ಬರ್ತಿರ್ಲಿಲ್ಲ. ಆಲ್ಬಮ್ ಪೂರ್ತಿ ಹಂಗೇ ಇದೆ, ಎಲ್ರೂ ಎಲ್ಲಿಂದಲೋ ಎದ್ದು ಬಂದವ್ರು. ‘ಬನಾನಾ ರಿಪಬ್ಲಿಕ್ಸ್’ ಕೇಳು, ಉಷ್ಣವಲಯದ ದೇಶಗಳಿಗೆ ಓಡಿ ಬಂದ ಅಮೆರಿಕನ್ನರ ಕಥೆ, ಇಲ್ಲಿ ಬಂದ್ರೆ ಎಲ್ಲಾ ಸರಿಹೋಗುತ್ತೆ ಅಂತ ಬಂದು ಏನೂ ಸರಿಹೋಗದೆ ಬಾರಲ್ಲಿ ಕೂತವ್ರು. ಬೀಚ್ ಮಾರೋವ್ನು ಅದೇ ಆಲ್ಬಮ್ಮಲ್ಲಿ ಇಂಥ ಹಾಡು ಯಾಕೆ ಹಾಕ್ತಾನೆ

ಚಿಂಟು: ಡಿಸ್ಕ್ಲೈಮರ್ ಇರ್ಬಹುದು 😂

ಅತ್ತೆ ಕುಂದಾಪುರ: ಇವ್ರು ಈಗ ಇದ್ದಾರಾ

ಟ್ಯಾಂಪಾ ಚಿಕ್ಕಪ್ಪ: ಇಲ್ಲ ಅಕ್ಕಾ, 2023 ಸೆಪ್ಟೆಂಬರ್ 1ಕ್ಕೆ ಹೋದ್ರು, 76 ವರ್ಷ. ಚರ್ಮದ ಕ್ಯಾನ್ಸರು, ಮರ್ಕೆಲ್ ಸೆಲ್ ಅಂತ ಅಪರೂಪದ್ದು

ಅತ್ತೆ ಕುಂದಾಪುರ: ಅಯ್ಯೋ. ಬಿಸ್ಲು ಬಿಸ್ಲು ಅಂತ ಹಾಡಿ ಕಡೆಗೆ ಹೀಗಾ. ನೀನೂ ಟೋಪಿ ಹಾಕ್ಕೋ ಆಯ್ತಾ

ಟ್ಯಾಂಪಾ ಚಿಕ್ಕಪ್ಪ: 🙏 ಅಣ್ಣಾ, ನಿಂಗೊಂದ್ ಹೇಳ್ತೀನಿ. ಇದ್ರಲ್ಲಿ ‘ಬಿಲಾಕ್ಸಿ’ ಅಂತ ಒಂದಿದೆ, ಮಿಸಿಸಿಪ್ಪಿಯ ಕಡಲೂರು. ಬರೆದವ್ನು ಜೆಸ್ಸಿ ವಿಂಚೆಸ್ಟರ್ ಅಂತ, ಮಿಸಿಸಿಪ್ಪಿ, ಮೆಂಫಿಸ್ ಕಡೆ ಬೆಳೆದವ್ನು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಕರೆ ಬಂದಾಗ ಹೋಗಲ್ಲ ಅಂತ ಕೆನಡಾಕ್ಕೆ ಹೊರಟುಬಿಟ್ಟ, ವಾಪಸ್ ಬಂದ್ರೆ ಜೈಲು. ಮಾಂಟ್ರಿಯಲ್ ಚಳಿಯಲ್ಲಿ ಕೂತವ್ನ ಆಲ್ಬಮ್ಮಲ್ಲಿ ಬಂದ ಹಾಡು ಅದು. ಈ ಆಲ್ಬಮ್ ಬಂದಿದ್ದು 1977 ಜನವರಿ, ಅದೇ ತಿಂಗಳು ಕಾರ್ಟರ್ ಪ್ರೆಸಿಡೆಂಟ್ ಆಗಿ ಅಂಥವ್ರಿಗೆಲ್ಲ ಕ್ಷಮೆ ಕೊಟ್ರು. ನಂಗೆ ಇಲ್ಲಿ ವೀಸಾ ಕಾಗದ ಸಿಕ್ಕಾಕೊಂಡು ಅಪ್ಪಯ್ಯ ಹೋದಾಗ ಬರೋಕಾಗ್ಲಿಲ್ವಲ್ಲ, ಆಗ ಕಾರಲ್ಲಿ ಈ ಹಾಡು ಬಂದ್ರೆ ಬಂದ್ ಮಾಡ್ತಿದ್ದೆ. ಕುರ್ಚಿ ಹಾಕ್ಕೊಂಡ್ ಕೂತವನ ಹಾಡು ಅಂತೀಯಲ್ಲ, ಆ ಕುರ್ಚಿ ಎಲ್ಲಿದೆ ಅಂತ ನೋಡು

(ಸುಮಾರು ಹೊತ್ತು ಯಾರೂ ಏನೂ ಹಾಕಲಿಲ್ಲ. ಅತ್ತೆ ಮಾತ್ರ ಒಂದು ಶುಭರಾತ್ರಿ ಗುಲಾಬಿ ಹಾಕಿ ಡಿಲೀಟ್ ಮಾಡಿದ್ರು.)

ಅಕ್ಕ: ಚಿಕ್ಕಪ್ಪ ಇದನ್ನ ನೀವು ಯಾವತ್ತೂ ಹೇಳೇ ಇಲ್ವಲ್ಲ

ಟ್ಯಾಂಪಾ ಚಿಕ್ಕಪ್ಪ: ಬಿಡು ಮಗಾ. ಹಾಡಿನ ವಿಷ್ಯ ಮಾತಾಡಿ

ಚಿಂಟು: ಸರಿ ಹಾಡಿನ ವಿಷ್ಯಾನೇ. ಮಿಯಾಮಿಲಿ ಸ್ವಲ್ಪ, ನ್ಯಾಶ್ವಿಲ್ಲಲ್ಲಿ ಸ್ವಲ್ಪ ರೆಕಾರ್ಡ್ ಮಾಡಿರೋದು ಅಂತಿದೆ. ಕೇಳಿದ್ರೆ ಗೊತ್ತಾಗುತ್ತೆ, ಅದಕ್ಕೇ ಇದು ಪೂರ್ತಿ ಕಂಟ್ರಿನೂ ಅಲ್ಲ ಪೂರ್ತಿ ಬೀಚೂ ಅಲ್ಲ. ಹಾರ್ಮೋನಿಕಾ ಮಾತ್ರ ಸೂಪರ್, ಒಪ್ಕೋತೀನಿ. ಬ್ರ್ಯಾಂಡಿಂಗ್ ಅನ್ನೋದನ್ನ ವಾಪಸ್ ತಗೊಳ್ಳಲ್ಲ ಆದ್ರೆ

ನಾನು: ತಗೋಬೇಡ. ಅಂಗಡಿ ಬಂದಿದ್ದು ಹಾಡಾಗಿ ಎಂಟು ವರ್ಷಕ್ಕೆ ಅಂತ ನೆನಪಿಟ್ಕೋ ಸಾಕು

ದೊಡ್ಡಪ್ಪ ಗಂಗೊಳ್ಳಿ: ಕರೆಂಟ್ ಇರ್ಲಿಲ್ಲ ಇಲ್ಲಿ, ಗಾಳಿ ಮಳೆ. ಪೂರ್ತಿ ಕೇಳಿದೆ. ಬನಾನಾ ಹಾಡು ಒಳ್ಳೇದುಂಟು. ಬಿಲಾಕ್ಸಿ ಒಳ್ಳೇದುಂಟು. ಆ ಬನಾನಾ ಹಾಡು ಬರೆದದ್ದು ಯಾರು

ಅಕ್ಕ: ಸ್ಟೀವ್ ಗುಡ್ಮನ್ ದೊಡ್ಡಪ್ಪ, ಶಿಕಾಗೋದವ್ರು, ಜೊತೆಗೆ ಇನ್ನಿಬ್ರು

ದೊಡ್ಡಪ್ಪ ಗಂಗೊಳ್ಳಿ: ಹಾಗಾದ್ರೆ ಒಳ್ಳೇ ಎರಡೂ ಹಾಡು ಇವಂದಲ್ಲ. ನಾನು ಹೇಳ್ದೆ ಅಲ್ವಾ

ಟ್ಯಾಂಪಾ ಚಿಕ್ಕಪ್ಪ: ಅಣ್ಣಾ ಬೇರೆಯವ್ರದ್ದು ಆರಿಸ್ಕೊಂಡು ಹಾಡೋದಕ್ಕೂ ಕಿವಿ ಬೇಕು!!

ದೊಡ್ಡಪ್ಪ ಗಂಗೊಳ್ಳಿ: ಕಿವಿ ಇರ್ಲಿ. ಆ ವಿಂಚೆಸ್ಟರ್ ಅವಂದೇ ದನಿಯಲ್ಲಿ ಹಾಡಿದ್ದು ಉಂಟಾ

ಅಕ್ಕ: ಇದೆ, 1970ರ ಅವರ ಮೊದಲ ಆಲ್ಬಮ್ಮಲ್ಲಿ

ದೊಡ್ಡಪ್ಪ ಗಂಗೊಳ್ಳಿ: ಅದನ್ನ ಕಳ್ಸು. ಇವಂದು ಸಾಕು