ವಿಮಾ ಕಂಪನಿಯಲ್ಲಿ ಬೇಸಿಗೆ ಇಂಟರ್ನ್‌ಶಿಪ್: ಹೋಗಿ ಬಂದವರು ಇದ್ದೀರಾ?

ಪ್ರಶ್ನೆ: ಸಂಖ್ಯಾಶಾಸ್ತ್ರ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ, ಇನ್ನೊಂದು ವರ್ಷ ಬಾಕಿ ಇದೆ. ಈ ಬೇಸಿಗೆಗೆ ಒಂದು ವಿಮಾ ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಜೀವ ವಿಮೆ ಅಲ್ಲ. ಮನೆ, ವಾಹನ, ಗೋದಾಮು, ಸರಕು ಇಂಥವುಗಳ ವಿಮೆ. ಆಕ್ಚುರಿಯಲ್ ವಿಭಾಗದಲ್ಲಿ, ಅಂದರೆ ಅಪಾಯ ಮತ್ತು ಹಣದ ಅಂದಾಜು ಲೆಕ್ಕ ಹಾಕುವ ಕಡೆ, ಕೂರಿಸುತ್ತೇವೆ ಎಂದಿದ್ದಾರೆ.

ಸ್ನೇಹಿತರೆಲ್ಲ ಸಾಫ್ಟ್‌ವೇರ್ ಕಡೆ ಹೋಗುತ್ತಿದ್ದಾರೆ. ವಿಮೆ ಅಂದ ಕೂಡಲೇ "ಪಾಲಿಸಿ ಮಾರೋಕೆ ಹೋಗ್ತೀಯಾ?" ಅಂತ ಕೇಳುತ್ತಾರೆ. ಅಲ್ಲಿ ನಿಜಕ್ಕೂ ಏನು ಕೆಲಸ ಕೊಡುತ್ತಾರೆ? ನಾನು ಓದಿದ ಗಣಿತ ಬಳಕೆಗೆ ಬರುತ್ತದಾ, ಇಲ್ಲ ಸುಮ್ನೆ ಎಕ್ಸೆಲ್ ತುಂಬಿಸುವುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ಹೋದ ಬೇಸಿಗೆಯಲ್ಲಿ ಹೋಗಿ ಬಂದವಳು

ಹೋಗಿ, ಹಿಂದೆ ಮುಂದೆ ನೋಡಬೇಡಿ. ನಾನೂ ಇದೇ ತರಹದ ಕಂಪನಿಯ ರಿಸರ್ವ್ ಟೀಮಿನಲ್ಲಿ ಇದ್ದೆ, ಮುಂದೆ ಕೊಡಬೇಕಾದ ಕ್ಲೇಮುಗಳಿಗೆ ಎಷ್ಟು ಹಣ ತೆಗೆದಿಡಬೇಕು ಅಂತ ಲೆಕ್ಕ ಹಾಕುವ ಟೀಮು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹೋಗುವ ಮುಂಚೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಬೇರೆ ವ್ಯಾಪಾರದಲ್ಲಿ ಅಸಲು ಗೊತ್ತಿದ್ದು ಬೆಲೆ ಕಟ್ಟುತ್ತಾರೆ. ವಿಮೆಯಲ್ಲಿ ಮೊದಲು ಬೆಲೆ, ಆಮೇಲೆ ಅಸಲು. ಪ್ರೀಮಿಯಂ ಇವತ್ತೇ ಬರುತ್ತದೆ. ಈ ವರ್ಷ ಆದ ಅಪಘಾತದ ಲೆಕ್ಕ ಮುಗಿಯುವುದು ಮೂರನೇ ವರ್ಷವೋ ಐದನೇ ವರ್ಷವೋ. ಕೆಲವು ನಷ್ಟ ಆಗಿಹೋಗಿರುತ್ತದೆ, ಆದರೆ ಯಾರೂ ಇನ್ನೂ ಬಂದು ಹೇಳಿರುವುದಿಲ್ಲ. ಅದಕ್ಕೂ ಇವತ್ತೇ ಹಣ ತೆಗೆದಿಡಬೇಕು. ಆ ಭಾಗವನ್ನು ಐಬಿಎನ್‌ಆರ್ ಎನ್ನುತ್ತಾರೆ. ಮೊದಲ ದಿನದಿಂದ ಕೊನೆಯ ದಿನದವರೆಗೆ ಈ ಮಾತು ಕೇಳುತ್ತಲೇ ಇರುತ್ತೀರಿ.

ಅಂದಾಜು ಮಾಡುವುದು ಒಂದು ಕೋಷ್ಟಕದಿಂದ. ಅಡ್ಡ ಸಾಲಿಗೆ ಒಂದು ಅಪಘಾತದ ವರ್ಷ. ಕಂಬಸಾಲಿಗೆ, ಆ ವರ್ಷ ಶುರುವಾಗಿ ಎಷ್ಟು ಕಾಲ ಕಳೆಯಿತು ಎನ್ನುವುದು. ಒಳಗಿನ ಅಂಕಿ, ಅಲ್ಲಿಯವರೆಗೆ ಕೊಟ್ಟ ಒಟ್ಟು ಹಣ. ಹಳೆಯ ವರ್ಷಗಳ ಸಾಲು ಉದ್ದ, ಹೊಸ ವರ್ಷದ್ದು ಗಿಡ್ಡ. ಹಾಗಾಗಿ ಅದು ತ್ರಿಕೋನದ ಆಕಾರಕ್ಕೆ ಬರುತ್ತದೆ, ಹೆಸರೂ ತ್ರಿಕೋನವೇ. ಹಿಂದಿನ ವರ್ಷಗಳಲ್ಲಿ ಮೊದಲ ವರ್ಷದ ಕೊನೆಗೆ 400 ಕೊಟ್ಟಿದ್ದರು, ಎರಡನೇ ವರ್ಷದ ಕೊನೆಗೆ ಒಟ್ಟು 600, ಮೂರನೇ ವರ್ಷಕ್ಕೆ 660 ಆಗಿ ನಿಂತಿತು ಅಂದುಕೊಳ್ಳಿ. ಅಂದರೆ ಗುಣಕಗಳು 1.5 ಮತ್ತು 1.1. ಹೊಸ ವರ್ಷದ ಮೊದಲ ಅಂಕಿಗೆ ಇವನ್ನು ಗುಣಿಸುತ್ತಾ ಹೋದರೆ ಖಾಲಿ ಜಾಗ ತುಂಬುತ್ತದೆ. ಇದು ಚೈನ್ ಲ್ಯಾಡರ್ ವಿಧಾನ. ಗಣಿತ ಇಷ್ಟೇ. ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ನನಗೆ ಕೊಟ್ಟ ತ್ರಿಕೋನದಲ್ಲಿ ಹೊಸ ಸಾಲಿನ ಮೊದಲ ಅಂಕಿ ಮೇಲಕ್ಕೆ ಜಿಗಿದಿತ್ತು. ಮೇಲಿನ ಉದಾಹರಣೆಯಲ್ಲೇ ಹೇಳುವುದಾದರೆ, 400ರ ಆಸುಪಾಸು ಇರಬೇಕಾದಲ್ಲಿ 520. ಗುಣಿಸಿದರೆ 858. ಎಂದಿನ 660ಕ್ಕೆ ಹೋಲಿಸಿದರೆ ಎಷ್ಟು ಜಾಸ್ತಿ ಅಲ್ವಾ? ಅಷ್ಟು ಹಣ ಸುಮ್ನೆ ಎತ್ತಿಡಲು ಆಗುವುದಿಲ್ಲ. ನಾನು ಕ್ಲೇಮುಗಳ ಸಂಖ್ಯೆ ತೆಗೆದು ನೋಡಿದೆ. ಬಂದ ಕ್ಲೇಮುಗಳು ಜಾಸ್ತಿ ಆಗಿರಲಿಲ್ಲ, ಮುಗಿದ ಕ್ಲೇಮುಗಳು ಜಾಸ್ತಿ ಆಗಿದ್ದವು. ಟೀಮಿನ ಮೇಡಂಗೆ ತೋರಿಸಿದಾಗ ಅವರು ಹೇಳಿದ್ದು ಒಂದೇ ಮಾತು: "ಕೆಳಗೆ ಹೋಗಿ ಕ್ಲೇಮ್ಸ್‌ನವರನ್ನು ಕೇಳು."

ಕೆಳಗೆ ಹೋಗಿ ಕೇಳಿದೆ. ಒಂದು ಮಿತಿಯೊಳಗಿನ ಸಣ್ಣ ಕ್ಲೇಮುಗಳಿಗೆ ಸರ್ವೇಯರ್, ಅಂದರೆ ನಷ್ಟವನ್ನು ಖುದ್ದಾಗಿ ನೋಡಿ ವರದಿ ಕೊಡುವವರನ್ನು, ಕಳಿಸುವುದನ್ನು ಅವರು ನಿಲ್ಲಿಸಿದ್ದರಂತೆ. ಫೋಟೋ ನೋಡಿಯೇ ದುಡ್ಡು ಕೊಡುತ್ತಿದ್ದರು. ನಷ್ಟ ಎಂದಿನಷ್ಟೇ ಇತ್ತು, ಪಾವತಿ ಮಾತ್ರ ಬೇಗ ಆಗುತ್ತಿತ್ತು. ಹಿಂದೆ ನಡೆದ ಹಾಗೆಯೇ ಮುಂದೆಯೂ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ಆ ವಿಧಾನ ನಿಂತಿದೆ. ಆ ನಂಬಿಕೆ ಎಲ್ಲಿ ಮುರಿದಿದೆ ಅಂತ ಎಕ್ಸೆಲ್ ಹೇಳುವುದಿಲ್ಲ, ಕೆಳಗಿನ ಮಹಡಿಯವರು ಹೇಳುತ್ತಾರೆ. ಕೊನೆಗೆ ಆ ವರ್ಷಕ್ಕೆ ಟೀಮಿನವರು ಬೋರ್ನ್‌ಹ್ಯೂಟರ್ ಮತ್ತು ಫರ್ಗುಸನ್ 1972ರಲ್ಲಿ ಕೊಟ್ಟ ವಿಧಾನ ಬಳಸಿದರು. ಇನ್ನು ಬರಬೇಕಾದ ಭಾಗವನ್ನು ಅದರಲ್ಲಿ ಮೊದಲೇ ಇಟ್ಟುಕೊಂಡ ನಿರೀಕ್ಷೆಯಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ಹೊಸ ಸಾಲಿನ ಒಂದು ಅಂಕಿ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಆಕ್ಚುರಿಯಲ್‌ನಲ್ಲಿ ಕೂರಿಸಿದರೂ ಕ್ಲೇಮ್ಸ್‌ನಲ್ಲಿ ಸ್ವಲ್ಪ ದಿನ ಕೂರಲು ಕೇಳಿ. ನಾನು ಕೇಳಿದೆ, ಬಿಟ್ಟರು. ಇಡೀ ಬೇಸಿಗೆಯಲ್ಲಿ ನನಗೆ ಜಾಸ್ತಿ ಕಲಿಸಿದ್ದು ಅದೇ.

ಅಲ್ಲಿ ನೋಡಿದ ಒಂದು ಫೈಲು ಹೇಳುತ್ತೇನೆ. ಗೋಡೆಯೊಳಗಿನ ಪೈಪ್ ಒಡೆದು ಕೋಣೆ ಹಾಳಾಗಿದೆ ಅಂತ ಕ್ಲೇಮು. ಪೈಪ್ ದಿಢೀರನೆ ಒಡೆದರೆ ಆ ಪಾಲಿಸಿಯಲ್ಲಿ ದುಡ್ಡು ಬರುತ್ತದೆ, ನಿಧಾನವಾಗಿ ಜಿನುಗಿದ್ದಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಮೇಡಂ ಗೋಡೆಯ ಫೋಟೋ ದೊಡ್ಡದು ಮಾಡಿ ತೋರಿಸಿದರು. ಕಲೆಯ ಅಂಚಿನಲ್ಲಿ ಒಂದರೊಳಗೊಂದು ಕಂದು ಗೆರೆಗಳು. ನೆನೆದು, ಒಣಗಿ, ಮತ್ತೆ ನೆನೆದಾಗ ಹಾಗೆ ಪದರ ಪದರ ಬೀಳುತ್ತದಂತೆ. ಒಂದೇ ಸಲ ನೀರು ನುಗ್ಗಿದ್ದರೆ ಒಂದೇ ಅಂಚು ಇರುತ್ತಿತ್ತು. ಕೆಳಗೆ ಮರದ ಪಟ್ಟಿ ಮೆತ್ತಗಾಗಿ ಪುಡಿಯಾಗಿತ್ತು, ಅದು ನಾಲ್ಕು ದಿನದಲ್ಲಿ ಆಗುವಂಥದ್ದಲ್ಲ. ಅಷ್ಟಾದರೂ ಅವರು ಫೋಟೋ ನಂಬಿ ಮುಗಿಸಲಿಲ್ಲ, ಸರ್ವೇಯರ್ ಕಳಿಸಿದರು.

ಬೇಸರದ ಕೆಲಸವೂ ಇದೆ, ಮುಚ್ಚಿಡುವುದಿಲ್ಲ. ಡೇಟಾ ಸರಿಮಾಡುವುದರಲ್ಲೇ ದಿನಗಟ್ಟಲೆ ಹೋಗುತ್ತದೆ. ಒಂದು ಕ್ಲೇಮಿಗೆ ಮೂರು ದಿನಾಂಕ: ನಷ್ಟ ಆದದ್ದು, ಹೇಳಿದ್ದು, ಕೊಟ್ಟದ್ದು. ಹೇಳಿದ ಮೇಲೆ ನಷ್ಟ ಆದಂತೆ ಇರುವ ಸಾಲುಗಳು ಸಿಕ್ಕವು. ಜನವರಿ 1ರಂದೇ ರಾಶಿ ರಾಶಿ ನಷ್ಟ ಆಗಿತ್ತು. ದಿನಾಂಕ ಖಾಲಿ ಬಿಟ್ಟರೆ ಹಳೆಯ ಸಾಫ್ಟ್‌ವೇರ್ ತಾನೇ ಅದನ್ನು ಹಾಕುತ್ತಿತ್ತು. ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯುಎಲ್ ಕಲಿತು ಹೋಗಿ, ಇಂಥವನ್ನು ಹಿಡಿಯಲು ಬೇಕೇ ಬೇಕು.

ಉತ್ತರ: ಸೇಲ್ಸ್‌ನಲ್ಲಿ ಸಿಕ್ಕಿಕೊಂಡಿದ್ದವನು

ನಿಮ್ಮ ಸ್ನೇಹಿತರ ಪ್ರಶ್ನೆ ಪೂರ್ತಿ ಸುಳ್ಳಲ್ಲ. ನಾನು ಸೇರಿದ ಕಡೆ ಕಾಗದದಲ್ಲಿ "ಮಾರುಕಟ್ಟೆ ಅಧ್ಯಯನ" ಎಂದಿತ್ತು. ಹೋದ ಮೇಲೆ ನೆಂಟರಿಷ್ಟರ ಫೋನ್ ನಂಬರ್ ಪಟ್ಟಿ ಬರೆದುಕೊಡಿ ಅಂದರು. ಬಹುತೇಕ ದೇಶಗಳಲ್ಲಿ ವಿಮೆ ಮಾರಲು ಪರವಾನಗಿ ಬೇಕು, ವಿದ್ಯಾರ್ಥಿ ಹೋಗಿ ಮಾರುವ ಹಾಗಿಲ್ಲ. ನಿಮಗೆ ವಿಭಾಗದ ಹೆಸರು ಹೇಳಿದ್ದಾರೆ, ಅದು ಒಳ್ಳೆಯದು. ಆದರೂ ಯಾರ ಕೈಕೆಳಗೆ, ಯಾವ ಕೆಲಸ ಅಂತ ಬರವಣಿಗೆಯಲ್ಲಿ ಕೇಳಿ. ಕಾಗದದಲ್ಲಿ ಎಲ್ಲಾದರೂ "ಟಾರ್ಗೆಟ್" ಅಂತ ಕಂಡರೆ ಬೇರೆ ಕಡೆ ನೋಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಇಬ್ಬರಿಗೂ. ಬರವಣಿಗೆಯಲ್ಲಿ ಕೇಳುತ್ತೇನೆ. ಆ ಪೈಪ್ ಕ್ಲೇಮು ಏನಾಯಿತು ಮೇಡಂ? ಅವರಿಗೆ ದುಡ್ಡು ಬರಲಿಲ್ವಾ? ಜನರಿಗೆ ಇಲ್ಲ ಅನ್ನುವ ಕೆಲಸ ನನ್ನ ಕೈಲಾಗುತ್ತದಾ ಅಂತ ಯೋಚನೆ ಬಂತು.

ಉತ್ತರ: ಹೋದ ಬೇಸಿಗೆಯಲ್ಲಿ ಹೋಗಿ ಬಂದವಳು

ಬರಲಿಲ್ಲ. ಸರ್ವೇಯರ್ ಕೂಡ ತಿಂಗಳುಗಟ್ಟಲೆ ಜಿನುಗಿದೆ ಅಂತಲೇ ಬರೆದರು. ಆ ಮೇಡಂ ಪತ್ರ ಕಳಿಸುವ ಮುಂಚೆ ಆ ಮನೆಯವರಿಗೆ ತಾವೇ ಫೋನ್ ಮಾಡಿದರು. ಷರತ್ತನ್ನು ಓದಿ ಹೇಳಲಿಲ್ಲ. ಗೋಡೆಯಲ್ಲಿ ಏನು ಕಂಡಿತು, ಅದರಿಂದ ಏನು ತಿಳಿಯಿತು, ಪಾಲಿಸಿ ಯಾವುದಕ್ಕೆ ಕೊಡುತ್ತದೆ ಅಂತ ನಿಧಾನವಾಗಿ ಬಿಡಿಸಿ ಹೇಳಿದರು. ಒಪ್ಪಿಗೆ ಇಲ್ಲದಿದ್ದರೆ ಯಾರಿಗೆ ದೂರು ಕೊಡಬಹುದು ಅನ್ನುವುದನ್ನೂ ಹೇಳಿದರು. ಆ ಕಡೆಯವರು ಜೋರಾಗಿ ಮಾತಾಡಿದರು. ಇವರು ಪೂರ್ತಿ ಕೇಳಿಸಿಕೊಂಡರು.

ನನಗೆ ಬೇಜಾರಾಯಿತು, ಈಗಲೂ ಇದೆ. ಷರತ್ತು ತಪ್ಪು ಅಂತ ಅಲ್ಲ. ಜಿನುಗುವುದಕ್ಕೆಲ್ಲ ಕೊಟ್ಟರೆ ರಿಪೇರಿ ಖರ್ಚು ಎಲ್ಲರ ಪ್ರೀಮಿಯಂ ಮೇಲೆ ಬೀಳುತ್ತದೆ. ಆದರೆ ಆ ಸಾಲು ಪಾಲಿಸಿಯ ಒಳಗೆ ಎಲ್ಲೋ ಇತ್ತು, ಮೂರು ಸಲ ಓದಿದರೂ ಅರ್ಥವಾಗದ ಭಾಷೆಯಲ್ಲಿ. ಕೊಂಡುಕೊಳ್ಳುವ ದಿನವೇ ಅದನ್ನು ಮೊದಲ ಪುಟದಲ್ಲಿ ಹೇಳಬೇಕು. ಅದನ್ನು ಹೇಳದೆ ಮಾರುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದವರ ಕಥೆಯೂ ಹೀಗೆಯೇ. 100 ಬೆಲೆಯ ಕಟ್ಟಡಕ್ಕೆ 60ಕ್ಕೆ ವಿಮೆ ಮಾಡಿಸಿರುತ್ತಾರೆ. ನಷ್ಟ 20 ಆದಾಗ ಪೂರ್ತಿ 20 ಬರುತ್ತದೆ ಅಂದುಕೊಳ್ಳುತ್ತಾರೆ. ಪಾಲಿಸಿಯಲ್ಲಿ ಆವರೇಜ್ ಷರತ್ತು ಇದ್ದರೆ ಬರುವುದು 12. ನೂರಕ್ಕೆ ಅರವತ್ತು ಪಾಲು ವಿಮೆ, ನಷ್ಟಕ್ಕೂ ಅರವತ್ತು ಪಾಲು. ಬೆಂಕಿ ಬಿದ್ದ ಮೇಲೆ ಈ ಲೆಕ್ಕ ಮೊದಲ ಸಲ ಕೇಳುವವರ ಮುಖ ನೋಡಬೇಕು ನೀವು.

ಆದರೆ ಕೊಟ್ಟ ಫೈಲುಗಳೇ ಜಾಸ್ತಿ ಇದ್ದವು, ಅದೂ ಗೊತ್ತಿರಲಿ. ನಿಮ್ಮ ಕೈಲಾಗುತ್ತದಾ ಅಂತ ಯೋಚನೆ ಬಂದಿದೆಯಲ್ಲ, ಅಂಥವರೇ ಅಲ್ಲಿ ಬೇಕು.

ಉತ್ತರ: ಅಂಡರ್‌ರೈಟರ್

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ಕ್ಲೇಮ್ಸ್ ಒಂದನ್ನೇ ನೋಡಿ ಬಂದರೆ ಅರ್ಧ ನೋಡಿದ ಹಾಗೆ. ತ್ರಿಕೋನ ಹಿಂದೆ ನೋಡುತ್ತದೆ. ನಾವು ಅಂಡರ್‌ರೈಟರ್‌ಗಳು ಮುಂದೆ ನೋಡಿ, ವಿಮೆ ಕೊಡಬೇಕಾ ಅನ್ನುವುದಕ್ಕೆ ಹೌದು ಅಥವಾ ಇಲ್ಲ ಅನ್ನಬೇಕು.

ಒಂದು ಗೋದಾಮು ಬಂತು ಅಂದರೆ ನಾನು ಕೇಳುವುದು: ಗೋಡೆ, ಮಾಡು ಯಾವುದರದ್ದು? ಒಳಗೆ ಏನಿದೆ, ಎಷ್ಟು ಎತ್ತರಕ್ಕೆ ಪೇರಿಸಿದ್ದಾರೆ? ಸ್ಪ್ರಿಂಕ್ಲರ್ ಇದೆಯಾ, ಅದರ ನೀರಿನ ಒತ್ತಡವನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು? ಆಮೇಲೆ ಕೇಳುವುದೇ ಮುಖ್ಯ ಪ್ರಶ್ನೆ: ಪಕ್ಕದ ಕಟ್ಟಡ ಎಷ್ಟು ದೂರ, ಅದಕ್ಕೂ ನಮ್ಮದೇ ವಿಮೆ ಇದೆಯಾ? ಕಾಲೇಜಿನಲ್ಲಿ ದೊಡ್ಡ ಸಂಖ್ಯೆಗಳ ನಿಯಮ ಓದಿರುತ್ತೀರಿ, ಸಂಖ್ಯೆ ಹೆಚ್ಚಿದಷ್ಟೂ ಸರಾಸರಿ ನಿರೀಕ್ಷೆಯ ಹತ್ತಿರ ಬರುತ್ತದೆ ಅಂತ. ಅದು ಸಲೀಸಾಗಿ ಕೆಲಸ ಮಾಡುವುದು ಒಂದು ನಷ್ಟಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದಾಗ. ಒಂದೇ ಬೀದಿಯ ಎಲ್ಲ ಮನೆಗೂ ನಾವೇ ವಿಮೆ ಕೊಟ್ಟಿದ್ದರೆ ಪಾಲಿಸಿ ನೂರು ಇದ್ದರೂ ಅಪಾಯ ಒಂದೇ.

1861ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಗ್ಲಾರಸ್ ಊರು ಬೆಂಕಿಗೆ ಸಿಕ್ಕಿತು. ಬಿರುಗಾಳಿ ಬೇರೆ ಬೀಸುತ್ತಿತ್ತು. ಊರಿನ ದೊಡ್ಡ ಭಾಗವೇ ಸುಟ್ಟುಹೋಯಿತು, ಅಷ್ಟಕ್ಕೆ ಸಾಕಾಗುವ ಹಣ ವಿಮೆಗಾರರ ಬಳಿ ಇರಲಿಲ್ಲ. ಅದಾದ ಮೇಲೆ 1863ರಲ್ಲಿ ಜ್ಯೂರಿಕ್‌ನಲ್ಲಿ ಸ್ವಿಸ್ ರೀ ಶುರುವಾಯಿತು. ವಿಮಾ ಕಂಪನಿಗಳ ಅಪಾಯವನ್ನು ಹಂಚಿಕೊಳ್ಳುವ ಮರುವಿಮೆ ಕಂಪನಿ ಅದು. ನಿಮ್ಮ ಕಂಪನಿಯಲ್ಲೂ ಮರುವಿಮೆ ನೋಡಿಕೊಳ್ಳುವವರು ಇರುತ್ತಾರೆ. ಒಂದೇ ಜಾಗದಲ್ಲಿ ಎಷ್ಟು ಮೊತ್ತ ಸೇರಿಕೊಂಡಿದೆ ಎಂದು ತೋರಿಸುವ ನಕ್ಷೆ ಇದ್ದರೆ ತೋರಿಸಿ ಅಂತ ಅವರನ್ನು ಕೇಳಿ. ಖುಷಿಯಿಂದ ತೋರಿಸುತ್ತಾರೆ, ಇಂಟರ್ನ್‌ಗಳು ಇದನ್ನು ಕೇಳುವುದೇ ಅಪರೂಪ.

ಇನ್ನೊಂದು: ಕಂಬೈನ್ಡ್ ರೇಷಿಯೋ ಅಂದರೇನು ಅಂತ ತಿಳಿದುಕೊಂಡು ಹೋಗಿ. ಕ್ಲೇಮು ಮತ್ತು ಖರ್ಚು ಎರಡೂ ಸೇರಿ ಪ್ರೀಮಿಯಂನ ಶೇಕಡಾ ಎಷ್ಟು ಅನ್ನುವುದು. 100 ದಾಟಿದರೆ ವಿಮೆಯಲ್ಲೇ ನಷ್ಟ, ಹೂಡಿಕೆಯ ಆದಾಯದಿಂದ ತುಂಬಿಸಬೇಕು. ಸಭೆಗಳಲ್ಲಿ ಅರ್ಧ ಮಾತು ಇದರದ್ದೇ.

ಪ್ರಶ್ನೆ ಕೇಳಿದವರು

ಸರ್, ಇದು ಯಾವುದೂ ಗೊತ್ತಿರಲಿಲ್ಲ. ಕೊನೆಯದಾಗಿ ಒಂದು. ಸೇರಲು ಇನ್ನೂ ಸ್ವಲ್ಪ ಸಮಯ ಇದೆ. ಮನೆಯಲ್ಲೇ ಏನಾದರೂ ಅಭ್ಯಾಸ ಮಾಡಬಹುದಾ? ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ (R) ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬರುತ್ತದೆ.

ಉತ್ತರ: ಹೋದ ಬೇಸಿಗೆಯಲ್ಲಿ ಹೋಗಿ ಬಂದವಳು

ಆರ್ ಬರುತ್ತದೆ ಅಂದರೆ ಸುಲಭ. ಚೈನ್‌ಲ್ಯಾಡರ್ ಅನ್ನುವ ಹೆಸರಿನದೇ ಪ್ಯಾಕೇಜ್ ಇದೆ, ಉಚಿತ. ಅಭ್ಯಾಸಕ್ಕೆ ತ್ರಿಕೋನಗಳೂ ಅದರೊಳಗೇ ಇವೆ. ಆರ್‌ಎಎ ಎಂಬ ತ್ರಿಕೋನದಿಂದ ಶುರುಮಾಡಿ. ಮೊದಲು ಗುಣಕಗಳನ್ನು ಕೈಯಲ್ಲೇ ಲೆಕ್ಕ ಹಾಕಿ. ಆಮೇಲೆ ಥಾಮಸ್ ಮ್ಯಾಕ್ 1993ರಲ್ಲಿ ಕೊಟ್ಟ ಸೂತ್ರ ಓಡಿಸಿ. ಅಂದಾಜಿನ ಜೊತೆ ಅದು ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನೂ ಅದು ಕೊಡುತ್ತದೆ. ಒಟ್ಟು ಐಬಿಎನ್‌ಆರ್ ಸುಮಾರು 52,000 ಬರುತ್ತದೆ, ಅದರ ಸ್ಟ್ಯಾಂಡರ್ಡ್ ಎರರ್ ಸುಮಾರು 27,000. ಯಾವ ವರ್ಷದ ಸಾಲಿನಿಂದ ಅಷ್ಟು ದೊಡ್ಡದಾಯಿತು ಅಂತ ಹುಡುಕಿ ಇಲ್ಲಿ ಬರೆಯಿರಿ, ಒಟ್ಟಿಗೆ ನೋಡೋಣ.