127 ಡಿಗ್ರಿ ತೋರಿಸುವ ಲ್ಯಾಪ್‌ಟಾಪ್: ಸೆನ್ಸರ್ ಸುಳ್ಳಾ, ಬೋರ್ಡ್ ಹಾಳಾ?

ಬಿಜೈ_33 ಕೇಳಿದ್ದು:

ಲ್ಯಾಪ್‌ಟಾಪ್ ಇಂಟೆಲ್ ಐ5-8250ಯು, ವಿಂಡೋಸ್ 10. ಬಿಸಿ ತೋರಿಸುವ ಎಚ್‌ಡಬ್ಲ್ಯೂಮಾನಿಟರ್ ಪ್ರೋಗ್ರಾಂನಲ್ಲಿ ಒಂದಕ್ಕೊಂದು ತಾಳೆಯಾಗದ ಅಂಕಿ ಬರ್ತಾ ಉಂಟು. ಪ್ರೊಸೆಸರ್‌ನ ಕೋರ್‌ಗಳು ಸುಮ್ಮನಿರುವಾಗ 52-55, ವಿಡಿಯೊ ಎಡಿಟಿಂಗ್ ಹೊತ್ತಿಗೆ 96. ಥರ್ಮಲ್ ಝೋನ್ ಎಂಬ ಸಾಲಿನಲ್ಲಿ ಬೆಳಗ್ಗಿಂದ ರಾತ್ರಿವರೆಗೆ 27.8, ಅಲುಗುವುದೇ ಇಲ್ಲ. ಅದರ ಕೆಳಗೆ ಇನ್ನೊಂದು 127. ಮಂಗಳೂರಿನ ಈ ಸೆಕೆಗೆ ರೂಮೇ 33 ಉಂಟು. ಅಂಗಡಿಯವರು 127 ನೋಡಿ ಬೋರ್ಡ್ ಬದಲಿಸಬೇಕು ಅಂದಿದ್ದಾರೆ. ಯಾವ ಅಂಕಿ ನಂಬುವುದು?

ಬೆಸುಗೆಕಡ್ಡಿ:

ಬೋರ್ಡಿಗೆ ಈಗಲೇ ದುಡ್ಡು ಕೊಡಬೇಡಿ. 127 ಅಂದರೆ ಎಂಟು ಬಿಟ್‌ನ ಚಿಹ್ನೆಸಹಿತ ಸಂಖ್ಯೆಯಲ್ಲಿ ಹಿಡಿಯುವ ಅತಿ ದೊಡ್ಡ ಅಂಕಿ. ಸೆನ್ಸರೇ ಜೋಡಿಸದ ಖಾಲಿ ಜಾಗವನ್ನು ಸಾಫ್ಟ್‌ವೇರ್ ಓದಿದಾಗ 127, -128, 255 ಇಂಥವೇ ಬರುವುದು. ಪ್ರೊಸೆಸರ್ 100 ಡಿಗ್ರಿಗೇ ವೇಗ ಇಳಿಸಿಕೊಳ್ತದೆ. ಅದರ ಪಕ್ಕದಲ್ಲಿ ಯಾವುದೋ ಭಾಗ ದಿನವಿಡೀ ಸರಿಯಾಗಿ 127ರಲ್ಲೇ ನಿಲ್ಲಲಿಕ್ಕೆ ಸಾಧ್ಯವಿಲ್ಲ.

27.8ರದ್ದು ಬೇರೆ ಕತೆ. ಥರ್ಮಲ್ ಝೋನ್ ಅಂಕಿ ಬರುವುದು ಎಸಿಪಿಐನಿಂದ, ಅಂದರೆ ಬಯಾಸ್ (ಬೋರ್ಡಿನಲ್ಲೇ ಇರುವ ಮೂಲ ಸಾಫ್ಟ್‌ವೇರ್) ವಿಂಡೋಸ್‌ಗೆ ಮಾಹಿತಿ ಕೊಡುವ ವ್ಯವಸ್ಥೆಯಿಂದ. ಅದು ಶಾಖವನ್ನು ಕೆಲ್ವಿನ್‌ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳ್ತದೆ. ಎಷ್ಟೋ ಬಯಾಸ್‌ಗಳಲ್ಲಿ 3010 ಎಂದು ಬರೆದಿಟ್ಟು ಬಿಟ್ಟಿರ್ತಾರೆ. 3010ರಿಂದ 2732 (ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ಈ ಲೆಕ್ಕದ ಅಂಕಿ) ಕಳೆಯಿರಿ: 278, ಅಂದರೆ 27.8. ರೂಮು 33 ಇರುವಾಗ ಫ್ಯಾನ್‌ನಿಂದ ತಣಿಯುವ ಯಂತ್ರ 27ಕ್ಕೆ ಇಳಿಯುವುದು ಹೇಗೆ? ಸುತ್ತಲಿನ ಗಾಳಿಗಿಂತ ಕಡಿಮೆ ತೋರಿಸುವ ಯಾವ ಸಾಲನ್ನೂ ನಂಬಬೇಡಿ.

ಮಲ್ಪೆ_ಗಾಳಿ:

ಕೋರ್ ಅಂಕಿಗಳನ್ನು ನೀವೇ ಪರೀಕ್ಷಿಸಬಹುದು. ಉಳಿದ ಮಾನಿಟರ್ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ. ಎರಡು ಒಟ್ಟಿಗೆ ಎಂಬೆಡೆಡ್ ಕಂಟ್ರೋಲರನ್ನು (ಫ್ಯಾನ್, ಬ್ಯಾಟರಿ ನೋಡಿಕೊಳ್ಳುವ ಬೋರ್ಡ್ ಮೇಲಿನ ಚಿಪ್) ಓದಲು ಹೋದರೆ ಒಂದರ ಉತ್ತರ ಇನ್ನೊಂದಕ್ಕೆ ಸಿಕ್ಕಿ, ಒಂದು ಕ್ಷಣಕ್ಕೆ 0 ಅಥವಾ 200 ಬರುವುದುಂಟು. ಎಚ್‌ಡಬ್ಲ್ಯೂಇನ್ಫೋ ಎಂಬ ಇನ್ನೊಂದು ಮಾನಿಟರ್ ಪ್ರೋಗ್ರಾಂ ತೆರೆದು ಓದುವ ಅಂತರವನ್ನು 2000 ಮಿಲಿಸೆಕೆಂಡಿನಿಂದ 500ಕ್ಕೆ ಇಳಿಸಿ. ರಾತ್ರಿಯಿಡೀ ಆಫ್ ಇದ್ದ ಲ್ಯಾಪ್‌ಟಾಪನ್ನು ಬೆಳಗ್ಗೆ ಆನ್ ಮಾಡಿ ನೋಡಿ, ಆಮೇಲೆ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಪ್ರೈಮ್95 ಓಡಿಸಿ. ನಿಜವಾದ ಕೋರ್ ಸೆನ್ಸರ್ ಒಂದೆರಡು ಸೆಕೆಂಡಿನಲ್ಲಿ 15-20 ಡಿಗ್ರಿ ಜಿಗಿಯಬೇಕು, ನಿಲ್ಲಿಸಿದ ಕೂಡಲೇ ಅಷ್ಟೇ ಬೇಗ ಬೀಳಬೇಕು. ನಿಮಿಷಗಟ್ಟಲೆ ನಿಧಾನ ಏರುವಂಥದ್ದು ಬೋರ್ಡ್ ಮೇಲಿನ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್). ಕದಲದ್ದನ್ನು ಬಲ ಕ್ಲಿಕ್ ಮಾಡಿ ಮರೆಮಾಡಿ.

ಕೋರ್ ಸೆನ್ಸರ್ ಕೂಡ ಎಲ್ಲ ಕಡೆ ಒಂದೇ ಸಮ ನಿಖರ ಅಲ್ಲ. ಇಂಟೆಲ್‌ನಲ್ಲಿ ಅದು ಹೇಳುವುದು ಗರಿಷ್ಠ ಮಿತಿಯಿಂದ ಎಷ್ಟು ಕೆಳಗಿದ್ದೇನೆ ಎಂಬುದನ್ನು. ಸಾಫ್ಟ್‌ವೇರ್ ಅದನ್ನು 100ರಿಂದ ಕಳೆದು ತೋರಿಸ್ತದೆ. ಮಿತಿಯ ಹತ್ತಿರ ಹೆಚ್ಚು ಸರಿ, ತಣ್ಣಗಿರುವಾಗ ಕೆಲವು ಡಿಗ್ರಿ ತಪ್ಪಬಹುದು. ಮಿತಿಯನ್ನೇ ತಪ್ಪಾಗಿ ಹಿಡಿದ ಹಳೇ ಸಾಫ್ಟ್‌ವೇರ್‌ನಲ್ಲಿ ಎಲ್ಲ ಕೋರ್‌ಗಳೂ ಒಟ್ಟಿಗೆ ಅಷ್ಟೇ ಏರುಪೇರಾಗಿ ಕಾಣ್ತವೆ. ನಿಮ್ಮ 52ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, 96ನ್ನು ಮಾತ್ರ ನಂಬಿ. ಅದು ನಿಜವಾದ ಬಿಸಿ. ಹೀಟ್‌ಸಿಂಕ್ ರೆಕ್ಕೆಗಳ ಧೂಳು ತೆಗೆದು ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿ. ಎಚ್‌ಡಬ್ಲ್ಯೂಇನ್ಫೋದ ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದ ವೇಗ ಇಳಿಸುವುದು) ಸಾಲಿನ ಗರಿಷ್ಠ ಕಾಲಂನಲ್ಲಿ ಹೌದು ಎಂದಿದ್ದರೆ ಅದೇ ಸಾಕ್ಷಿ.

ಬಿಜೈ_33:

ಇನ್‌ಫ್ರಾರೆಡ್ ಗನ್ ಹಿಡಿದು ತಾಮ್ರದ ಪೈಪ್ ಅಳೆದರೆ ಬರೀ 41 ಬಂತು. ಹಾಗಾದರೆ 96 ಸುಳ್ಳಲ್ವಾ?

ಬೆಸುಗೆಕಡ್ಡಿ:

ಹೊಳೆಯುವ ತಾಮ್ರ ಶಾಖವನ್ನು ಹೊರಸೂಸುವುದು ತೀರಾ ಕಡಿಮೆ, ಸುತ್ತಲಿನದ್ದನ್ನೇ ಪ್ರತಿಫಲಿಸ್ತದೆ. ಗನ್ ಓದಿದ್ದು ಹೆಚ್ಚಾಗಿ ನಿಮ್ಮ ರೂಮನ್ನು. ಪೈಪ್ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ಚಿಕ್ಕ ತುಂಡು ಅಂಟಿಸಿ, ಹತ್ತಿರದಿಂದ ಟೇಪನ್ನೇ ಅಳೆಯಿರಿ. ಆಗಲೂ ಚಿಪ್ಪಿನ ಒಳಗಿನ ಅಂಕಿಗಿಂತ ಸಾಕಷ್ಟು ಕಡಿಮೆಯೇ ಬರುವುದು, ನಡುವೆ ಪೇಸ್ಟ್, ತಟ್ಟೆ ಎಲ್ಲ ಉಂಟಲ್ವಾ.

ಬಿಚ್ಚಿದಾಗ ಥರ್ಮಿಸ್ಟರ್ ಸುತ್ತಲೂ ಟಾರ್ಚ್ ಹಾಕಿ ನೋಡಿ. ಸಾಸಿವೆ ಕಾಳಿಗಿಂತ ಸಣ್ಣ ಚೌಕ ಅದು. ಕಡಲ ಬದಿಯ ಉಪ್ಪುಗಾಳಿಗೆ ಕಾಲುಗಳ ನಡುವೆ ಹಸಿರು ಪೊರೆ ಕಟ್ಟಿದರೆ ಅದರ ಮೂಲಕ ಕರೆಂಟ್ ಸೋರ್ತದೆ. 25 ಡಿಗ್ರಿಯಲ್ಲಿ 10 ಕಿಲೋಓಮ್ ಇರಬೇಕಾದ ರೆಸಿಸ್ಟೆನ್ಸ್ 5ಕ್ಕೆ ಇಳಿದರೆ, ಬೋರ್ಡ್ ತಣ್ಣಗಿದ್ದರೂ ಓದುವುದು 41ರಷ್ಟು. ಕಾರಣವಿಲ್ಲದೆ ಫ್ಯಾನ್ ಕೂಗುವ ಯಂತ್ರಗಳಲ್ಲಿ ಇದನ್ನು ಮೊದಲು ನೋಡಬೇಕು. ಬ್ಯಾಟರಿ ಕನೆಕ್ಟರ್ ತೆಗೆದು, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೃದು ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ.

ಮಲ್ಪೆ_ಗಾಳಿ:

ಜೋಡಿಸಿದ ಮೇಲೆ ಚಾರ್ಜರ್ ಹಾಕುವ ಮೊದಲು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ, ಕಂಟ್ರೋಲರ್ ರೀಸೆಟ್ ಆಗ್ತದೆ. 127 ಆಮೇಲೂ ಹಾಗೇ ಇರ್ತದೆ, ಇರಲಿ ಬಿಡಿ. ಪ್ರೈಮ್95ನಲ್ಲಿ ಹತ್ತು ನಿಮಿಷದ ನಂತರ ಕೋರ್ ಎಷ್ಟಕ್ಕೆ ನಿಲ್ತದೆ ಎಂದು ಇಲ್ಲಿ ಹಾಕಿ, ರೂಮಿನ ಡಿಗ್ರಿ ಸಮೇತ.